ಅತ್ತೆಯ ಯಂತ್ರಕ್ಕೆ ಅಳಿಯ ಕೊಟ್ಟ ವೇಗ

ಅಳಿಯ ಹಾಲ್‌ನ ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಅತ್ತೆಯ ಕೀಬೋರ್ಡನ್ನು ಅದರ ಮೇಲೆ ಬೋರಲು ಹಾಕಿ, ಬೆನ್ನಿಗೆ ಮೆಲ್ಲಗೆ ತಟ್ಟಿದ. ಬಿಸ್ಕತ್ತಿನ ಪುಡಿ ಉದುರಿತು. ಮತ್ತೆ ತಟ್ಟಿದ. ಒಂದು ಬಿಳಿ ಕೂದಲು, ಅರ್ಧ ಕಡಲೆಬೀಜ, ಮತ್ತಷ್ಟು ಬಿಸ್ಕತ್ತು. ಆಮೇಲೆ ಸಣ್ಣ ಬ್ರಷ್ಷಿನಿಂದ ಗುಂಡಿಗಳ ಸಂದಿಯನ್ನು ಒಂದೊಂದಾಗಿ ಉಜ್ಜಿದ. ದಿನಾ ಬೆಳಗ್ಗೆ ಇದು ಅವನ ಪಾಲಿನ ಕೆಲಸ, ಎಲ್ಲವೂ ಸದ್ದಿಲ್ಲದೆ ನಡೆಯಬೇಕು. ಮುಚ್ಚಿದ ಬಾಗಿಲಿನ ಆಚೆ ಅತ್ತೆ ಮಲಗಿದ್ದರು, ಅವರ ಪಕ್ಕದಲ್ಲಿ ಅವನ ಹೆಂಡತಿ ಮಲಗಿದ್ದಳು.

ಆ ಕೋಣೆ ಅವನದು. ಅದರೊಳಗಿನ ದೊಡ್ಡ ಮಂಚವನ್ನು ತಾನೇ ಅಂಗಡಿಗೆ ಹೋಗಿ, ಮಲಗಿ ನೋಡಿ, ಹೊರಳಿ ನೋಡಿ ಆರಿಸಿ ತಂದಿದ್ದ. ಈಗ ಅವನು ಮಲಗುತ್ತಿದ್ದದ್ದು ಹಾಲ್‌ನ ಸೋಫಾದಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಚಿಕ್ಕ ಚೀಲಕ್ಕೆ ತುರುಕಿದ ದೊಡ್ಡ ಕೊಡೆಯ ಹಾಗೆ.

ಅತ್ತೆ ಬಂದದ್ದು ಹದಿನೈದು ದಿನಕ್ಕೆಂದು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಅತ್ತೆ ಹೋಗಲಿಲ್ಲ. ಬರುವಾಗ ಒಂದು ಬಟ್ಟೆಯ ಚೀಲ ತಂದಿದ್ದರು, ಜೊತೆಗೆ ಹಸುಗೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಒಂದು ಗೇಮಿಂಗ್ ಕಂಪ್ಯೂಟರ್ ತಂದಿದ್ದರು. ಜೀವನವಿಡೀ ಟೈಪಿಂಗ್ ಕಲಿಸಿದ ಬೆರಳುಗಳು ಅವರವು. ಟೈಪಿಂಗ್ ಶಾಲೆ ಮುಚ್ಚಿದ ಮೇಲೆ ಸುಮ್ಮನೆ ಕೂರಲಾರದೆ ಕಂಪ್ಯೂಟರಿನಲ್ಲಿ ಕೋಟೆ ಕಾಳಗದ ಆಟ ಹಿಡಿದಿದ್ದರು. ಎರಡು ಕೋಟೆ, ಎರಡು ಸೈನ್ಯ, ನೂರಾರು ಸೈನಿಕರು. ಯಾರ ಬೆರಳು ಚುರುಕೋ ಅವರ ಕೋಟೆ ಉಳಿಯುತ್ತದೆ. ಅತ್ತೆಯ ಹೆಸರು ಕೇಳಿದರೆ ಆ ಆಟದವರು ಬೆವರುತ್ತಿದ್ದರು. ಆಟದಲ್ಲಿ ಅವರ ಹೆಸರೂ ಅಂಥದ್ದೇ, "ಹೆಡ್‌ಮಿಸ್".

ಇಲ್ಲಿಗೆ ಬಂದ ಮೇಲೆ ಮಾತ್ರ ಅವರು ಸೋಲತೊಡಗಿದ್ದರು. ತಿಣುಕಿ ತಿಣುಕಿ ಹೇಗೋ ಈ ಸಲದ ಪಂದ್ಯಾವಳಿಯ ಫೈನಲ್ ತಲುಪಿದ್ದರು. ಫೈನಲ್ ಇವತ್ತು ಸಂಜೆ. ನಿನ್ನೆ ಊಟದ ಹೊತ್ತಿಗೆ ಬೆರಳುಗಳನ್ನು ಬಿಸಿನೀರಿನ ಬಟ್ಟಲಲ್ಲಿ ಅದ್ದಿಕೊಂಡು ಹೇಳಿದ್ದರು:

"ನಾಳೆ ಸೋತರೆ ಮುಗೀತು. ಮಷೀನು ಕಟ್ಟಿ ಅಟ್ಟಕ್ಕೆ ಹಾಕಿ, ನಾಡಿದ್ದು ಬೆಳಗ್ಗೆ ನನ್ನ ಮನೆಗೆ ಹೊರಡ್ತೀನಿ. ಈ ಬೆರಳಿಗೆ ವಯಸ್ಸಾಯ್ತು ಅಂತ ಒಪ್ಕೊಳ್ತೀನಿ."

"ಅಯ್ಯೋ, ಹಾಗೆಲ್ಲಾ ಅನ್ಬೇಡಿ ಅತ್ತೆ" ಎಂದು ಅಳಿಯ ಅಂದಿದ್ದ. ಆ ರಾತ್ರಿ ಸೋಫಾದಲ್ಲಿ ಮುದುಡಿಕೊಂಡೇ ಮಂಚದ ಕನಸು ಕಂಡಿದ್ದ.

ಅವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎದುರಾಳಿಯ ಹೆಸರು "ಕಬ್ಬಿಣದ ಕಡಲೆ", ಯಾರಿಗೂ ಸೋಲದವನು. ಆದರೆ ಅಳಿಯ ಔಷಧಿ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಯಾವುದನ್ನೂ ಅದೃಷ್ಟಕ್ಕೆ ಬಿಟ್ಟು ಅಭ್ಯಾಸವಿಲ್ಲ. ಬೀಗ ಹಾಕಿದ ಬಾಗಿಲನ್ನೂ ಎರಡು ಸಲ ಎಳೆದು ನೋಡಿಯೇ ಮನೆಗೆ ಹೋಗುವವನು.

ಕೀಬೋರ್ಡನ್ನು ಜಾಗಕ್ಕಿಟ್ಟು, ಹಾಲು ತರುವ ನೆಪದಲ್ಲಿ ಕೆಳಗಿಳಿದ. ಬೀದಿಯ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಯವನು ಸದಾ ಕಿವಿಯ ಮೇಲೊಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಎಲ್ಲರೂ ಅವನನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು.

"ಸ್ಕ್ರೂ, ಒಂದು ಮಾತು. ಗೇಮಿಂಗ್ ಕಂಪ್ಯೂಟರಿಗೆ ಏನು ಮಾಡ್ಲೇಬಾರದು?"

"ಯಾಕೆ ಸಾರ್?"

"ಮಾಡದೆ ಇರೋಣ ಅಂತ."

ಇಂಥ ಒಳ್ಳೆಯ ಗಿರಾಕಿ ಸ್ಕ್ರೂಗೆ ಸಿಕ್ಕಿರಲಿಲ್ಲ. ಸ್ಟೂಲ್ ಎಳೆದು ಕೂರಿಸಿದ.

"ರ‍್ಯಾಮ್ ಸ್ಪೀಡ್ ಮುಟ್ಟಬಾರದು ಸಾರ್. ನಿಮ್ಮ ಗೋದಾಮಿನ ಲೆಕ್ಕದಲ್ಲೇ ಹೇಳ್ತೀನಿ. ಪ್ರೊಸೆಸರ್ ಅಂದ್ರೆ ಪ್ಯಾಕ್ ಮಾಡೋನು. ರ‍್ಯಾಮ್ ಅಂದ್ರೆ ಅವನ ಕೈಗೆ ಡಬ್ಬಿ ಎತ್ತಿ ಕೊಡೋನು. ಕೊಡೋನು ನಿಧಾನ ಆದ್ರೆ ಪ್ಯಾಕ್ ಮಾಡೋನು ಆಕಳಿಸ್ತಾ ನಿಲ್ತಾನೆ. ಆಟದಲ್ಲಿ ಜನ ಜಾಸ್ತಿ ಸೇರಿದಾಗ ಚಿತ್ರ ತಡವರಿಸೋದು ಅದಕ್ಕೇ. ರ‍್ಯಾಮ್ ಪೆಟ್ಟಿಗೆ ಮೇಲೆ ಆರು ಸಾವಿರ ಅಂತ ಬರೆದಿರುತ್ತೆ. ಆದ್ರೆ ಬೋರ್ಡು ಹೆದರುಪುಕ್ಕಲು. ತಾನಾಗಿ ನಾಲ್ಕು ಸಾವಿರದ ಎಂಟುನೂರಕ್ಕೇ ಓಡಿಸುತ್ತೆ. ಬಯೋಸ್ ಅಂತ ಬೋರ್ಡಿನ ಒಳ ಸೆಟ್ಟಿಂಗ್ ಇರುತ್ತೆ, ಅದರೊಳಗೆ ಹೋಗಿ ಪ್ರೊಫೈಲ್ ಅನ್ನೋದನ್ನ ಆನ್ ಮಾಡಿದ್ರೆ ಪೂರ್ತಿ ವೇಗ. ಎಲ್ಲಾ ಸರಿಯಾಗಿ ಕೂತಿದ್ರೆ ಚಿನ್ನ. ಒಂದು ಚೂರು ಹೆಚ್ಚುಕಮ್ಮಿ ಆದ್ರೆ ಡಬ್ಬಿ ಎತ್ತಿ ಕೊಡೋನ ಕೈ ನಡುಗುತ್ತೆ, ಡಬ್ಬಿ ಬೀಳುತ್ತೆ, ಆಟದ ಮಧ್ಯದಲ್ಲೇ ನೀಲಿ ಸ್ಕ್ರೀನು ಬಂದು ಮಷೀನು ನಿಂತುಹೋಗುತ್ತೆ!"

ಚಿನ್ನದ ಮಾತು ಅಳಿಯನ ಕಿವಿಗೆ ಬೀಳಲೇ ಇಲ್ಲ. ನೀಲಿ ಮಾತ್ರ ಬಿತ್ತು.

"ಆಟದ ಮಧ್ಯದಲ್ಲೇ?"

"ಮಧ್ಯದಲ್ಲೇ."

"ಯಾರು ಮಾಡಿದ್ದು ಅಂತ ಗೊತ್ತಾಗುತ್ತಾ?"

"ಹೇಗೆ ಗೊತ್ತಾಗುತ್ತೆ ಸಾರ್? ಮಷೀನು ಕೈ ಕೊಡ್ತು ಅಂತಾರೆ ಅಷ್ಟೇ."

"ಆ ಬಯೋಸ್ ಒಳಗೆ ಹೋಗೋದು ಯಾವ ಗುಂಡಿ ಒತ್ತಿದ್ರೆ? ಹೇಳಿಬಿಡು, ಅಪ್ಪಿತಪ್ಪಿ ಒತ್ತದೆ ಇರ್ತೀನಿ."

ಸ್ಕ್ರೂ ಗುಂಡಿಯನ್ನೂ ತೋರಿಸಿದ, ಒಳಗೆ ಹೋದ ಮೇಲೆ ಏನೇನನ್ನು ಮುಟ್ಟಬಾರದು ಎಂಬುದನ್ನೂ ಒಂದೊಂದಾಗಿ ತೋರಿಸಿದ. ಅಳಿಯ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ಹಾಲು ಮರೆತು ಮನೆಗೆ ಬಂದ.

ಅತ್ತೆ ಸ್ನಾನಕ್ಕೆ ಹೋಗಿದ್ದರು. ಅವರ ಸ್ನಾನವೆಂದರೆ ಒಂದು ನಾಟಕ ನೋಡಿ ಬರುವಷ್ಟು ಹೊತ್ತು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅಳಿಯ ತನ್ನದೇ ಕೋಣೆಗೆ ಕಳ್ಳನ ಹಾಗೆ ಹೊಕ್ಕ. ಕಂಪ್ಯೂಟರ್ ಆನ್ ಮಾಡಿ, ಒತ್ತಬಾರದ ಗುಂಡಿ ಒತ್ತಿದ. ಮುಟ್ಟಬಾರದ ಜಾಗಕ್ಕೆ ಹೋದ. ಅಲ್ಲಿ ನಾಲ್ಕು ಸಾವಿರದ ಎಂಟುನೂರು ಎಂದಿತ್ತು. ಪ್ರೊಫೈಲ್ ಆನ್ ಮಾಡಿದ. ಆರು ಸಾವಿರ ಆಯಿತು. ಸೇವ್ ಮಾಡಿ ಹೊರಬಂದ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ಕೆಡಬೇಕಿದ್ದದ್ದು ನಿಜ, ಆದರೆ ಸಂಜೆ ಕೆಡಬೇಕಿತ್ತು, ಫೈನಲ್ ನಡುವೆ, ತಾನು ಹಾಲ್‌ನಲ್ಲಿ ಏನೂ ಅರಿಯದವನಂತೆ ಪೇಪರ್ ಓದುತ್ತಿರುವಾಗ. ಈಗ ಕೆಟ್ಟರೆ ಬೆರಳ ಗುರುತೆಲ್ಲಾ ತನ್ನದೇ. ಒಳಗೆ ಫ್ಯಾನ್‌ಗಳು ತಿರುಗುತ್ತಿದ್ದವು, ದೀಪಗಳು ಮಿನುಗುತ್ತಿದ್ದವು, ಪರದೆ ಮಾತ್ರ ಕೋಪ ಮಾಡಿಕೊಂಡ ಹೆಂಡತಿಯ ಮುಖದ ಹಾಗೆ ಸುಮ್ಮನಿತ್ತು. ಪರದೆಯ ತಲೆ ನೇವರಿಸಿದ. ಕ್ಯಾಬಿನೆಟ್ಟಿನ ಕಿವಿಯಲ್ಲಿ "ಬಾರಪ್ಪಾ" ಎಂದ.

"ಏನ್ರೀ ಅದು?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. "ಹಾಲೆಲ್ಲಿ?"

"ಧೂಳು ಒರೆಸ್ತಿದ್ದೆ."

"ಅಮ್ಮನ ಮಷೀನಿಗೂ ಬಾರಪ್ಪಾ ಅಂತೀರಾ? ನನ್ನನ್ನ ಒಂದು ದಿನ ಹಾಗೆ ಕರೆದಿಲ್ಲ."

ಅಷ್ಟರಲ್ಲಿ ಪರದೆ ತಾನಾಗಿಯೇ ಹೊಳೆಯಿತು. ಹೊಸ ವೇಗಕ್ಕೆ ಒಗ್ಗಿಕೊಳ್ಳಲು ಯಂತ್ರ ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು ಸ್ಕ್ರೂ ಹೇಳಿರಲಿಲ್ಲ. ಅಳಿಯ ಉಸಿರು ಬಿಟ್ಟ.

ಅತ್ತೆ ಸ್ನಾನ ಮುಗಿಸಿ ಬಂದರು, ತಲೆಗೆ ಟವೆಲ್ ಸುತ್ತಿಕೊಂಡೇ ಅಭ್ಯಾಸಕ್ಕೆ ಕೂತರು. ಆಟ ಶುರುವಾಯಿತು. ಸೈನಿಕರು ಒಬ್ಬೊಬ್ಬರಾಗಿ ಸೇರಿದರು. ಹತ್ತಾದರು, ಐವತ್ತಾದರು, ಮೈದಾನ ತುಂಬಿತು. ಅತ್ತೆಯ ಬೆರಳು ಗುಂಡಿಗಳ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು ಮಾಡತೊಡಗಿತು. ಇದ್ದಕ್ಕಿದ್ದಂತೆ ಪರದೆ ನಿಂತಿತು, ಒಂದು ಸಲ ನಡುಗಿತು, ಆಮೇಲೆ ಪೂರ್ತಿ ನೀಲಿ.

ಅಳಿಯ ಹಾಲ್‌ನಿಂದಲೇ ಆ ನೀಲಿ ಬೆಳಕನ್ನು ನೋಡಿದ. ಇಷ್ಟು ಚೆಂದದ ಬಣ್ಣವನ್ನು ಅವನು ಹಿಂದೆ ಕಂಡಿರಲಿಲ್ಲ.

ಅತ್ತೆ ಮಾತ್ರ ಕೂತಲ್ಲೇ ಕುಸಿದರು. ಬೈಯಲಿಲ್ಲ, ಕೂಗಲಿಲ್ಲ. ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು.

"ಇದೂ ಕೈ ಬಿಡ್ತು" ಎಂದರು ಮೆಲ್ಲಗೆ. "ನಾನು ಮುಟ್ಟಿದ್ದೆಲ್ಲಾ ನಿಲ್ತಿದೆ ಈಚೆಗೆ."

ಅಳಿಯ ನಿಜ ಹೇಳಿಬಿಡೋಣವೆಂದು ಕೋಣೆಯ ಕಡೆ ಒಂದು ಹೆಜ್ಜೆ ಇಟ್ಟ. ಆದರೆ ಆ ಕ್ಷಣಕ್ಕೇ ಅತ್ತೆಯ ಬೆನ್ನ ಹಿಂದೆ ಮಂಚ ಕಂಡಿತು, ಅದರ ಮೇಲೆ ಹರವಿದ ಅತ್ತೆಯ ಸೀರೆಗಳು ಕಂಡವು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

ಹೆಂಡತಿ ಸುಮ್ಮನೆ ನೋಡುವವಳಲ್ಲ. ಮೆಟ್ಟಿಲ ಬಳಿ ಹೋಗಿ, "ಡಾಕ್ಟರಮ್ಮಾ!" ಎಂದು ಕೂಗಿದಳು.

ಮೇಲಿನ ಮನೆಯ ಡಾಕ್ಟರಮ್ಮ ಹಲ್ಲಿನ ಡಾಕ್ಟರು. ಕಂಪ್ಯೂಟರ್ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಏನೂ ಗೊತ್ತಿಲ್ಲ ಎಂಬುದು ಅವರನ್ನು ಯಾವತ್ತೂ ಯಾವ ಕೆಲಸದಿಂದಲೂ ತಡೆದಿರಲಿಲ್ಲ. ಕಳೆದ ವಾರ ಲಿಫ್ಟ್ ನಿಂತಾಗ ಅದರ ಬಾಗಿಲಿನ ಕಬ್ಬಿಣಕ್ಕೆ ಬಡಿದು, "ಇಲ್ಲಿ ನೋವಿದೆ" ಎಂದು ಹೇಳಿ ಬಂದವರು. ಅವರ ಹಿಂದೆಯೇ ಕಟ್ಟಡದ ಸಂಘದ ಸೆಕ್ರೆಟರಿ ಬಂದರು. ಯಾರ ಮನೆಯಲ್ಲಿ ಏನಾದರೂ ಅವರು ಬರುತ್ತಿದ್ದರು. ಏನೂ ಆಗದಿದ್ದರೆ ಯಾಕೆ ಆಗಿಲ್ಲ ಎಂದು ಕೇಳಲು ಬರುತ್ತಿದ್ದರು.

"ಬಾಯಿ ತೆರೀರಿ" ಎಂದರು ಡಾಕ್ಟರಮ್ಮ.

ಸೆಕ್ರೆಟರಿ ಬಾಯಿ ತೆರೆದರು.

"ನೀವಲ್ಲ. ಈ ಡಬ್ಬಿ."

ಅಳಿಯನೇ ಕರೆಂಟು ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಗಾಜು ಬಿಚ್ಚಬೇಕಾಯಿತು. ಡಾಕ್ಟರಮ್ಮ ಟಾರ್ಚ್ ಹಾಕಿ ಒಳಗೆ ಬಗ್ಗಿದರು. ಅಲ್ಲಿ ಉದ್ದಕ್ಕೆ ನಾಲ್ಕು ಸ್ಲಾಟು. ಮೊದಲನೆಯದರಲ್ಲಿ ಒಂದು ರ‍್ಯಾಮ್ ಪಟ್ಟಿ, ಎರಡನೆಯದರಲ್ಲಿ ಇನ್ನೊಂದು. ಆಮೇಲಿನ ಎರಡು ಖಾಲಿ.

"ಅಯ್ಯೋ ದೇವರೇ, ಇದೇನು, ಹಲ್ಲು ಹಲ್ಲು ಒತ್ಕೊಂಡಿವೆಯಲ್ಲ! ಪಕ್ಕದಲ್ಲಿ ಇಷ್ಟು ಜಾಗ ಇಟ್ಕೊಂಡು ಇವೆರಡು ಯಾಕೆ ಹೀಗೆ ತಬ್ಕೊಂಡಿವೆ? ಯಾರು ಕೂರಿಸಿದ್ದು?"

ಎಲ್ಲರೂ ಅಳಿಯನ ಕಡೆ ನೋಡಿದರು. ಅತ್ತೆ ಊರಿನಿಂದ ಬರುವಾಗ ಅಲುಗಾಡಿ ಬೀಳದಿರಲಿ ಎಂದು ಪಟ್ಟಿಗಳನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಮರಳಿ ಕೂರಿಸಿದವನು ಅಳಿಯ. ಗೋದಾಮಿನ ಕೆಲಸದಲ್ಲಿ ಅವನು ಕಲಿತ ಮೊದಲ ನಿಯಮ ಒಂದೇ: ಮೊದಲ ಕಪಾಟು ತುಂಬದೆ ಎರಡನೆಯದಕ್ಕೆ ಕೈ ಹಾಕಬಾರದು, ನಡುವೆ ಖಾಲಿ ಬಿಡಬಾರದು. ಒಂದು ಬಿಟ್ಟು ಒಂದು ಜೋಡಿಸುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ಸಾಲಾಗಿ ಇಟ್ಟರೆ ನೋಡೋಕೆ ಚೆನ್ನಾಗಿರುತ್ತೆ ಅಂತ..." ಎಂದ.

"ನೋಡೋಕೆ ಚೆನ್ನಾಗಿರೋದು ಬೇರೆ, ಅಗಿಯೋಕೆ ಚೆನ್ನಾಗಿರೋದು ಬೇರೆ. ನಡುವೆ ಸಂದಿ ಬೇಕು, ಗಾಳಿ ಆಡ್ಬೇಕು."

ಡಾಕ್ಟರಮ್ಮ ಎರಡು ಬೆರಳಲ್ಲಿ ಮೊದಲ ಪಟ್ಟಿಯನ್ನು ಹಿಡಿದು, ರೋಗಿಗೆ ಗೊತ್ತಾಗುವ ಮುಂಚೆ ಎಳೆದುಬಿಡುವ ಅವರ ಎಂದಿನ ಜಾಣತನದಲ್ಲಿ ಕಿತ್ತರು. ನಾಲ್ಕನೆಯ ಸ್ಲಾಟಿಗೆ ಒತ್ತಿದರು. ಕಟಕ್ ಎಂದಿತು. ಈಗ ಎರಡನೆಯದರಲ್ಲಿ ಒಂದು, ನಾಲ್ಕನೆಯದರಲ್ಲಿ ಒಂದು.

"ಒಂದು ಗಂಟೆ ಬಿಸಿ ಏನೂ ಕೊಡ್ಬೇಡಿ" ಎಂದು ಹೇಳಿ, ಅಭ್ಯಾಸಬಲದಿಂದ ಕೈ ತೊಳೆಯಲು ಹೋದರು.

ಕಂಪ್ಯೂಟರ್ ಮತ್ತೆ ಕಪ್ಪಾಗಿ, ಒಂದಿಷ್ಟು ಹೊತ್ತು ಯೋಚಿಸಿ, ಎದ್ದಿತು. ಅತ್ತೆ ಅನುಮಾನದಲ್ಲೇ ಆಟ ಹಾಕಿದರು. ಸೈನಿಕರು ಸೇರಿದರು. ಹತ್ತು, ಐವತ್ತು, ನೂರು, ಮುನ್ನೂರು. ನೀಲಿ ಬರಲಿಲ್ಲ. ತಡವರಿಕೆಯೂ ಇರಲಿಲ್ಲ. ಮುನ್ನೂರು ಜನ ಎಣ್ಣೆಯ ಮೇಲೆ ಜಾರಿದ ಹಾಗೆ ಮೈದಾನದ ಈ ತುದಿಯಿಂದ ಆ ತುದಿಗೆ ಹರಿದರು. ಅತ್ತೆಯ ಕಣ್ಣು ದೊಡ್ಡದಾಯಿತು.

"ಇದೇ! ಇದೇ ನನ್ನ ಬೆರಳು!" ಎಂದು ಕೂಗಿದರು. "ನಾನು ಒತ್ತೋದಕ್ಕೂ ಅದು ನಡೆಯೋದಕ್ಕೂ ಈಗ ಸಂದೇ ಇಲ್ಲ. ನನಗೆ ವಯಸ್ಸಾಗಿಲ್ಲ ಕಣೇ! ಮಷೀನು ನಿಧಾನವಾಗಿತ್ತು ಅಷ್ಟೇ!"

ಹೆಂಡತಿ ಚಪ್ಪಾಳೆ ತಟ್ಟಿದಳು. ಸೆಕ್ರೆಟರಿ ತಾವೇ ಗೆದ್ದವರ ಹಾಗೆ ಮೀಸೆ ನೇವರಿಸಿಕೊಂಡರು. ಅಳಿಯ ಮೆಲ್ಲಗೆ ಅಡುಗೆಮನೆಗೆ ಜಾರಿ, ಮಿಕ್ಸಿಯ ಪಕ್ಕ ಬಗ್ಗಿ ನಿಂತು ಸ್ಕ್ರೂಗೆ ಫೋನ್ ಮಾಡಿದ.

"ಸ್ಕ್ರೂ, ಯಾರೋ ಒಬ್ಬರು ಅಪ್ಪಿತಪ್ಪಿ ಆರು ಸಾವಿರ ಮಾಡಿದ್ರು ಅಂತಿಟ್ಕೋ. ಮೊದಲು ಕೆಟ್ಟಿತು. ಆಮೇಲೆ ಪಟ್ಟಿ ಒಂದು ಬಿಟ್ಟು ಒಂದು ಹಾಕಿದ್ರು, ಸರಿಹೋಯ್ತು. ಯಾಕೆ?"

"ಸರಿಹೋಗಲೇಬೇಕಲ್ಲ ಸಾರ್! ಜೋಡಿ ಪಟ್ಟಿ ಎರಡು, ನಾಲ್ಕರಲ್ಲೇ ಇರ್ಬೇಕು. ಒತ್ತಾಗಿ ಹಾಕಿದ್ರೆ ಗೋದಾಮಿಗೆ ಎರಡು ಬಾಗಿಲಿದ್ರೂ ಒಂದರಲ್ಲೇ ಸಾಮಾನು ಸಾಗಿಸಿದ ಹಾಗೆ. ನಿಧಾನವೂ ಹೌದು, ಮೇಲೆ ವೇಗ ಏರಿಸಿದ್ರೆ ಎಡವೋದೂ ಹೌದು. ಯಾವ ಪುಣ್ಯಾತ್ಮ ಒತ್ತಾಗಿ ಹಾಕಿದ್ದನೋ!"

ಪುಣ್ಯಾತ್ಮ ಮಿಕ್ಸಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. ಅಂದರೆ ಅತ್ತೆ ಇಷ್ಟು ದಿನ ಸೋಲುತ್ತಿದ್ದುದು ತನ್ನ ಕೈಗುಣದಿಂದ. ಅದನ್ನು ಕೆಡಿಸಹೋಗಿ, ಕೆಟ್ಟಿದ್ದನ್ನು ತಾನೇ ಸರಿಮಾಡಿಸಿ ಕೂತಿದ್ದ.

"ಅದಕ್ಕೂ ಮೇಲೆ ಏರಿಸಬಾರದು, ಅಲ್ವಾ?" ಎಂದು ಕೇಳಿದ.

"ಛೆ ಛೆ. ಆರು ಸಾವಿರದ ನಾನೂರು ಮಾಡಿದೋರನ್ನ ನೋಡಿದೀನಿ. ತಣ್ಣಗಿರುವಾಗ ಓಡುತ್ತೆ, ಎಲ್ಲಾ ಸರಿ ಅನ್ಸುತ್ತೆ. ಭಾರ ಬಿದ್ದು ಬಿಸಿಯಾದಾಗ ಪಟ್ ಅಂತ ಹೋಗುತ್ತೆ. ಅಂಥಾ ಮೋಸದ ನಂಬರ್ ಇನ್ನೊಂದಿಲ್ಲ."

"ಎಂಥಾ ಮೋಸ" ಎಂದ ಅಳಿಯ, ಅಕ್ಕರೆಯಿಂದ.

ಮಧ್ಯಾಹ್ನ ಅತ್ತೆ ಫೈನಲ್‌ಗೆ ಮುಂಚೆ ಕಣ್ಣು ಮುಚ್ಚಿ ಕೂರಬೇಕೆಂದು ಬಾಲ್ಕನಿಗೆ ಹೋದರು. ಅಳಿಯ ಮತ್ತೆ ಕೋಣೆಗೆ ನುಗ್ಗಿದ. ಈಗ ದಾರಿ ಗೊತ್ತಿತ್ತು. ಆರು ಸಾವಿರದ ನಾನೂರು ಮಾಡಿ ಸೇವ್ ಒತ್ತಿದ. ಪರದೆ ಕಪ್ಪಾಗಿ ಯೋಚನೆಗೆ ಕೂತಾಗ ಬಾಗಿಲು ತೆರೆಯಿತು. ಸೆಕ್ರೆಟರಿ, ಎರಡೂ ಕೈಯಲ್ಲಿ ಒಂದು ಟೇಬಲ್ ಫ್ಯಾನ್ ತಬ್ಬಿಕೊಂಡು.

"ಏನ್ರೀ ಮಾಡ್ತಿದ್ದೀರಿ ಒಬ್ಬರೇ?"

"ಚೆಕ್ ಮಾಡ್ತಿದ್ದೆ. ಸಂಜೆಗೆ ತೊಂದರೆ ಆಗಬಾರದಲ್ಲ."

"ಅಳಿಯ ಅಂದ್ರೆ ನೀವು ಕಣ್ರೀ! ನನ್ನ ಅಳಿಯ ಇದಾನೆ, ಬಂದ್ರೆ ಸ್ವಿಚ್ ಕೂಡ ನಾನೇ ಹಾಕ್ಬೇಕು. ತಗೊಳ್ಳಿ, ಈ ಫ್ಯಾನ್ ಮಷೀನಿನ ಮೇಲೆ ಬಿಡಿ. ತಣ್ಣಗಿದ್ರೆ ಏನೂ ಆಗಲ್ಲ."

ತಣ್ಣಗೆ ಎಂಬ ಪದ ಕೇಳಿ ಅಳಿಯನ ಬೆನ್ನು ಬಿಸಿಯಾಯಿತು. ಸೆಕ್ರೆಟರಿ ಫ್ಯಾನನ್ನು ಕ್ಯಾಬಿನೆಟ್ಟಿನ ಕಡೆ ತಿರುಗಿಸಿದರು. ಅವರು ಅತ್ತ ಹೋದ ಮೇಲೆ ಅಳಿಯ ತನ್ನ ಕಡೆ ತಿರುಗಿಸಿದ. ಡಾಕ್ಟರಮ್ಮ ಬಂದು ಮತ್ತೆ ಕ್ಯಾಬಿನೆಟ್ಟಿನ ಕಡೆ ತಿರುಗಿಸಿದರು. ಹೆಂಡತಿ ಬಂದು, "ಅಮ್ಮನ ಕೂದಲು ಹಾರುತ್ತೆ" ಎಂದು ಆರಿಸಿಯೇಬಿಟ್ಟಳು. ಮದುವೆಯಾದ ಮೇಲೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಸಂಜೆಗೆ ಕೋಣೆ ತುಂಬಿತು. ಮಂಚದ ಮೇಲೆ ಸಾಲಾಗಿ ಡಾಕ್ಟರಮ್ಮ, ಸೆಕ್ರೆಟರಿ, ಸೆಕ್ರೆಟರಿಯ ಹೆಂಡತಿ, ತನ್ನ ಬುದ್ಧಿವಾದ ಎಲ್ಲಿಯವರೆಗೆ ಫಲಿಸಿತೆಂದು ನೋಡಲು ಬಂದ ಸ್ಕ್ರೂ. ಹೆಂಡತಿ ಅಮ್ಮನ ಕುರ್ಚಿಯ ಹಿಂದೆ. ಅಳಿಯ ಬಾಗಿಲಿಗೆ ಆತು ನಿಂತ, ಮುಖದಲ್ಲಿ ಸೂಕ್ತವಾದ ಕಳವಳ ಧರಿಸಿಕೊಂಡು. ಅವನೊಳಗೆ ಮಾತ್ರ ದೊಡ್ಡ ನೆಮ್ಮದಿ. ಎಲ್ಲವೂ ಸರಿಯಾಗಿ ಕೆಟ್ಟಿತ್ತು.

ಆಟ ಶುರುವಾಯಿತು. ಅತ್ತೆ ಗರುಡನ ಹಾಗೆ ಎರಗಿದರು. ಬೆರಳು ವಾಪಸ್ಸು ಬಂದ ಸಂಭ್ರಮದಲ್ಲಿ ಹಿಂದುಮುಂದು ನೋಡದೆ ಕೋಟೆಯ ಬಾಗಿಲು ತೆಗೆದು ಪೂರ್ತಿ ಸೈನ್ಯವನ್ನು ಹೊರಗೆ ಬಿಟ್ಟರು.

"ನುಗ್ಗಿ, ನುಗ್ಗಿ!" ಎಂದರು ಸೆಕ್ರೆಟರಿ.

"ಒಳಗೆ ಯಾರನ್ನೂ ಬಿಡ್ಲಿಲ್ವಲ್ಲ ಅಮ್ಮ" ಎಂದಳು ಮಗಳು.

"ಬಾಯಿ ಮುಚ್ಚೇ. ಈ ವೇಗದಲ್ಲಿ ಒಳಗೆ ಯಾರು ಬೇಕು?"

ಕಬ್ಬಿಣದ ಕಡಲೆ ಕಾಯುತ್ತಿದ್ದದ್ದು ಅದಕ್ಕೇ. ಅವನ ಸೈನ್ಯ ಕಾಡನ್ನು ಬಳಸಿಕೊಂಡು ಬಂದು, ಅತ್ತೆಯ ಖಾಲಿ ಕೋಟೆಯ ಹಿಂಬಾಗಿಲಲ್ಲಿ ಪ್ರತ್ಯಕ್ಷವಾಯಿತು. ಅತ್ತೆ ಸೈನ್ಯವನ್ನು ತಿರುಗಿಸಿದರು. ದೂರ ಹೋಗಿಯಾಗಿತ್ತು. ಹಿಂಬಾಗಿಲು ಮುರಿಯಿತು. ಒಳಬಾಗಿಲು ಬಿರುಕು ಬಿಟ್ಟಿತು. ಕೋಟೆಯ ನಡುವಿನ ಬಾವುಟದ ಹತ್ತಿರ ಶತ್ರುಗಳು ಇರುವೆಗಳ ಹಾಗೆ ಮುತ್ತಿದರು. ಇತ್ತ ಅತ್ತೆಯ ಮುನ್ನೂರು ಜನ, ಅತ್ತ ಅವನ ಮುನ್ನೂರು ಜನ, ಪರದೆಯ ಮೇಲೆ ಕಾಲಿಡಲು ಜಾಗವಿಲ್ಲ.

ಮಂಚದ ಮೇಲಿದ್ದವರು ಉಸಿರು ಹಿಡಿದರು. ಅತ್ತೆಯ ಬೆರಳು ನಿಧಾನವಾಯಿತು.

"ಹೋಯ್ತು" ಎಂದರು. "ಇನ್ನೇನೂ ಉಳಿದಿಲ್ಲ."

ಅಳಿಯ ಕಣ್ಣರಳಿಸಿದ. ಕೆಡಬೇಕಾದ ಅಗತ್ಯವೇ ಇರಲಿಲ್ಲ! ಅತ್ತೆ ತಾವಾಗಿಯೇ ಸೋಲುತ್ತಿದ್ದರು, ತನ್ನ ಕೈಗೆ ಒಂದು ತೊಟ್ಟು ಪಾಪವೂ ಅಂಟದೆ. ಬಾವುಟ ಅಲುಗಾಡಿತು. ಇನ್ನೊಂದೇ ಏಟು.

ಪಟ್. ಪರದೆ ನೀಲಿಯಾಯಿತು.

ಅತ್ತೆ ಕುರ್ಚಿಯಿಂದ ಜಿಗಿದರು:

"ಉಳೀತು! ಉಳೀತು ಕಣೇ! ಮಷೀನು ಕೈ ಕೊಟ್ರೆ ಆ ಸುತ್ತು ಲೆಕ್ಕಕ್ಕಿಲ್ಲ! ಮೊದಲಿನಿಂದ ಆಡಿಸ್ತಾರೆ! ಒಂದು ಸಲಕ್ಕೆ ಮಾಫಿ ಇದೆ!"

ಅಳಿಯ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಆದ್ರೆ ಇನ್ನೊಂದು ಸಲ ಹೋದ್ರೆ ಸೋತ ಹಾಗೆ" ಎಂದರು ಅತ್ತೆ. "ಯಾರಾದ್ರೂ ಬೇಗ ನೋಡ್ರಪ್ಪಾ!"

ಅಳಿಯನಲ್ಲಿ ಒಂದು ಎಳೆ ಆಸೆ ಮೊಳೆಯಿತು. ಆದರೆ ಸ್ಕ್ರೂ ಆಗಲೇ ಮಂಚದಿಂದ ಇಳಿದಿದ್ದ. ಬಯೋಸ್ ತೆರೆದ. ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದರು: "ಆರು ಸಾವಿರದ ನಾನೂರು!"

"ಯಾರು ಮಾಡಿದ್ದು ಇದನ್ನ?" ಎಂದ ಸ್ಕ್ರೂ. ಹೇಳುತ್ತಲೇ ಅವನ ಕಣ್ಣು ಬಾಗಿಲ ಕಡೆ ಹೊರಳಿತು. ಎಲ್ಲರ ಕಣ್ಣೂ ಹೊರಳಿತು. ಸೆಕ್ರೆಟರಿಗೆ ಮಧ್ಯಾಹ್ನ ನೆನಪಾಯಿತು. "ಇವರು ಒಬ್ಬರೇ ಇಲ್ಲಿ ಕೂತಿದ್ರು" ಎಂದರು.

ಅತ್ತೆ ಎದ್ದು ಅವನ ಎದುರು ಬಂದು ನಿಂತರು. ಟೈಪಿಂಗ್ ಶಾಲೆಯಲ್ಲಿ ತಪ್ಪು ಮಾಡಿದವರ ಎದುರು ನಿಲ್ಲುತ್ತಿದ್ದ ಹಾಗೆ.

"ಅಳಿಯಂದಿರೇ, ನೀವಾ ಏರಿಸಿದ್ದು?"

ಸುಳ್ಳು ಹುಡುಕಿದ. ಸಿಗಲಿಲ್ಲ. ತಲೆ ತಾನಾಗಿಯೇ ಹೌದೆಂದು ಆಡಿತು.

"ಪಟ್ಟಿ ಮೇಲೆ ಬರೆದದ್ದಕ್ಕಿಂತ ಜಾಸ್ತಿ?"

ಮತ್ತೆ ಆಡಿತು.

ಅತ್ತೆಯ ಕಣ್ಣು ತುಂಬಿ ಬಂತು. "ನೋಡೇ, ನೋಡು ನಿನ್ನ ಗಂಡನ್ನ! ಈ ಮುದುಕಿ ಗೆಲ್ಲಲಿ ಅಂತ ಮಷೀನಿಗೆ ಇಲ್ಲದ ವೇಗ ತುಂಬಿದಾರೆ. ಯಾರಿಗೂ ಒಂದು ಮಾತು ಹೇಳಿಲ್ಲ. ನಾನು ಇವರನ್ನ ಏನೇನೋ ಅಂದ್ಕೊಂಡಿದ್ದೆ."

"ನಾನು ಅದಕ್ಕಲ್ಲ ಅತ್ತೆ..." ಎಂದ ಅಳಿಯ.

"ಸಂಕೋಚ ಬೇರೆ!" ಎಂದರು ಡಾಕ್ಟರಮ್ಮ.

"ಬೆಳಗ್ಗೆಯೇ ಬಂದು ಕೇಳಿದ್ರು ಪಾಪ, ಏನು ಮಾಡಬಾರದು ಅಂತ" ಎಂದ ಸ್ಕ್ರೂ, ಮೆಚ್ಚುಗೆಯಿಂದ. "ಸ್ವಲ್ಪ ಜಾಸ್ತಿ ಆಸೆ ಪಟ್ರು ಅಷ್ಟೇ. ಆರು ಸಾವಿರಕ್ಕೇ ಇಳಿಸ್ತೀನಿ. ಬರೆದಷ್ಟು ವೇಗಕ್ಕೆ ಓಡಿಸಿದ್ರೆ ಇದು ಬಂಡೆ."

ಇಳಿಸಿದ. ಡಾಕ್ಟರಮ್ಮ ಫ್ಯಾನ್ ಹಾಕಿದರು. ಈ ಸಲ ಯಾರೂ ಆರಿಸಲಿಲ್ಲ.

ಹೊಸ ಸುತ್ತಿನಲ್ಲಿ ಅತ್ತೆ ಬೇರೆಯೇ ಮನುಷ್ಯರು. ಅರ್ಧ ಸೈನ್ಯವನ್ನು ಒಳಗಿಟ್ಟು ಹಿಂಬಾಗಿಲಿನ ಮುಂದೆ ಕಂದಕ ತೋಡಿ ಕೂತರು. ಕಬ್ಬಿಣದ ಕಡಲೆಯ ಗುಟ್ಟು ಅವರಿಗೆ ಈಗ ಗೊತ್ತಿತ್ತು, ಅವನಿಗೆ ಅವರದು ಗೊತ್ತಿರಲಿಲ್ಲ. ಅವನು ಕಾಡು ಬಳಸಿ ಬಂದ, ಕಂದಕಕ್ಕೆ ಬಿದ್ದ. ಮುನ್ನೂರು ಜನ ಒಂದೆಡೆ ಸೇರಿದರೂ ಪರದೆ ಒಂದು ರೆಪ್ಪೆ ಬಡಿಯಲಿಲ್ಲ. ಅತ್ತೆ ಅವನ ಬಾವುಟವನ್ನು, ತಪ್ಪಿಲ್ಲದ ಒಂದು ಸಾಲು ಟೈಪ್ ಮಾಡಿ ಮುಗಿಸಿದ ಹಾಗೆ, ಸಲೀಸಾಗಿ ಕಿತ್ತರು.

ಮಂಚ ಕುಣಿಯಿತು. ಅದರ ಮೇಲಿದ್ದವರು ಕುಣಿದದ್ದರಿಂದ.

"ಇನ್ನೆರಡು ಕ್ಷಣ ತಡವಾಗಿದ್ರೆ ಮೊದಲ ಸುತ್ತಲ್ಲೇ ಕಥೆ ಮುಗೀತಿತ್ತು!" ಎಂದು ಸೆಕ್ರೆಟರಿ ಅಳಿಯನ ಬೆನ್ನು ತಟ್ಟಿದರು. "ಏನು ಲೆಕ್ಕಾಚಾರ ರೀ ನಿಮ್ಮದು! ಸರಿಯಾದ ಹೊತ್ತಿಗೆ ಕೆಡಿಸಿದ್ರಿ!"

ಅತ್ತೆ ಹೆಡ್‌ಫೋನ್ ತೆಗೆದು ಎಲ್ಲರನ್ನೂ ಸುಮ್ಮನಿರಿಸಿದರು.

"ಕೇಳಿ. ಗೆದ್ದವರಿಗೆ ದೊಡ್ಡ ಲೀಗಿಗೆ ಪ್ರವೇಶ. ವರ್ಷವಿಡೀ ನಡೆಯುತ್ತೆ. ನನ್ನ ಮನೆಗೆ ಹೋಗೋ ಮಾತು ಇನ್ನಿಲ್ಲ. ಅಲ್ಲಿ ಹೋದ್ರೆ ನನ್ನ ಮಷೀನು ನೋಡ್ಕೊಳ್ಳೋರು ಯಾರಿದಾರೆ? ಇಲ್ಲಿ ಅಳಿಯಂದಿರಿದಾರೆ." ಅವರ ದನಿ ಮೆತ್ತಗಾಯಿತು. "ಇನ್ಮೇಲೆ ಅವರು ಆ ಸೋಫಾದಲ್ಲಿ ಒಬ್ಬರೇ ಬಿದ್ದಿರೋದು ಬೇಡ. ಈ ಕೋಣೆಯಲ್ಲೇ ಇರಲಿ."

ಅಳಿಯನ ಕಿವಿ ನೆಟ್ಟಗಾಯಿತು.

"ಸ್ಟೂಲ್ ಹಾಕು" ಎಂದರು ಅತ್ತೆ ಮಗಳಿಗೆ. "ಇಲ್ಲಿ, ಕ್ಯಾಬಿನೆಟ್ ಪಕ್ಕದಲ್ಲಿ. ನಾನು ಆಡೋವಾಗ ಇವರು ಅದರ ಮೇಲೆ ಕಣ್ಣಿಟ್ಟಿರಲಿ."

ಸ್ಟೂಲ್ ಬಂತು. ಅಳಿಯ ಕೂತ. ಎಡಕ್ಕೆ ಫ್ಯಾನು, ಬಲಕ್ಕೆ ಕ್ಯಾಬಿನೆಟ್ಟು. ಎದುರಿಗೆ, ಕಾಲು ಚಾಚಿದರೆ ಮುಟ್ಟುವಷ್ಟು ಹತ್ತಿರ, ಅವನ ಮಂಚ. ಅದರ ಮೇಲೆ ಡಾಕ್ಟರಮ್ಮ, ಸೆಕ್ರೆಟರಿ, ಅವರ ಹೆಂಡತಿ, ಸ್ಕ್ರೂ. ಈಗ ತುದಿಯಲ್ಲಿ ಅವನ ಹೆಂಡತಿಯೂ ಕಾಲು ಮಡಚಿ ಕೂತಿದ್ದಳು. ಅತ್ತೆ ಗೆದ್ದ ಆಟವನ್ನು ಮೊದಲಿನಿಂದ ಹಾಕಿ ತೋರಿಸುತ್ತಿದ್ದರು. ಸೈನಿಕರು ಸೇರುತ್ತಿದ್ದರು, ಹತ್ತು, ಐವತ್ತು, ನೂರು. ಎಲ್ಲರ ಮುಖದ ಮೇಲೂ ಪರದೆಯ ಬೆಳಕು.

ಸ್ಟೂಲಿಗೆ ಬೆನ್ನಿರಲಿಲ್ಲ. ಅಳಿಯ ಮುಂದೆ ಬಗ್ಗಿ, ಮಂಚದ ಕಡೆ ನೋಡಿ ಕೇಳಿದ:

"ಸ್ವಲ್ಪ ಸರೀತೀರಾ? ನಾನೂ ಕೂತ್ಕೋತೀನಿ."